ನಾಟಕರತ್ನ ಗುಬ್ಬಿ ವೀರಣ್ಣನವರು: ನಗಿಸುವ ಕಾಯಕದ ಗೃಹಸ್ಥರು

ಶಿವಶರಣರ ಚರಿತೆಗಳನ್ನು ಓದುವವರಿಗೆ ನಗೆಯ ಮಾರಿತಂದೆಯ ನಾಮಧೇಯವು ಅಪರಿಚಿತವೇನೂ ಅಲ್ಲ. ೧೨ನೆಯ ಶತಮಾನದ ಆ ಮಹಾಸಮೂಹದಲ್ಲಿ ಒಬ್ಬರು ಬಟ್ಟೆಯನ್ನು ಮಡಿಮಾಡಿದರು, ಒಬ್ಬರು ಹರಿಗೋಲನ್ನು ನಡೆಯಿಸಿದರು, ಒಬ್ಬರು ಪಾದರಕ್ಷೆಯನ್ನು ಹೊಲಿದರು. ಮಾರಿತಂದೆಯಾದರೋ ಜನರನ್ನು ನಗಿಸಿದನು. ನಗಿಸುವುದೇ ಅವನ ಕಾಯಕವಾಗಿದ್ದಿತು. ಅವನ ಜೊತೆಗೆ ಬಹುರೂಪಿ ಚೌಡಯ್ಯನನ್ನೂ ನೆನೆಯಬೇಕು. ವೇಷವನ್ನು ಕಟ್ಟಿ ಆಡುವುದು ಆತನ ಕಾಯಕ. ಇವರಿಬ್ಬರನ್ನೂ ಅನುಭವಮಂಟಪದ ಶರಣರ ಪಂಕ್ತಿಯಿಂದ ಯಾರೂ ಎಬ್ಬಿಸಿ ಕಳುಹಲಿಲ್ಲ. ಇಬ್ಬರ ವಚನಗಳೂ ಇಂದಿಗೂ ನಮ್ಮ ಕೈಯಲ್ಲಿವೆ.

ಹೀಗಿರುವಲ್ಲಿ, ಅನಂತರದ ಪಂಡಿತವರ್ಗವು ನಟನನ್ನೂ ಹಾಸ್ಯಗಾರನನ್ನೂ ಹಗುರವಾಗಿ ಕಾಣುತ್ತ ಬಂದುದು ವಿಚಿತ್ರವೇ ಸರಿ. ಕೆರೆಯನ್ನು ಕಟ್ಟಿಸಿದವರು, ಛತ್ರಗಳನ್ನು ಎತ್ತಿಸಿದವರು, ಭೂದಾನ ಮಾಡಿದವರು, ಇವರ ವಂಶಾವಳಿಗಳೆಲ್ಲ ನಮ್ಮ ಸ್ಮರಣಗ್ರಂಥಗಳಲ್ಲಿ ಸಾಲುಸಾಲಾಗಿ ಅಚ್ಚಾಗಿವೆ. ಅದು ಯುಕ್ತವೇ. ಆದರೆ ಮೂರು ತಲೆಮಾರಿನ ಕನ್ನಡಿಗರಿಗೆ ನಗೆಯನ್ನು ಉಣಬಡಿಸಿದ, ನೂರಾರು ಮಂದಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಒಬ್ಬ ಗೃಹಸ್ಥನ ಹೆಸರು ಆ ಸಾಲಿನಲ್ಲಿ ಅಪರೂಪವಾಗಿ ಕಾಣುತ್ತದೆ. ಆ ಗೃಹಸ್ಥರೇ ಗುಬ್ಬಿಯ ವೀರಣ್ಣನವರು. ಅವರನ್ನು ನಾಟಕದ ಇತಿಹಾಸಕಾರರಿಗೆ ಒಪ್ಪಿಸಿ ನಾವು ಕೈತೊಳೆದುಕೊಳ್ಳತಕ್ಕದ್ದಲ್ಲ.

ಗುಬ್ಬಿಯು ತುಮಕೂರು ಸೀಮೆಯಲ್ಲಿ ಅಡಕೆ ತೆಂಗುಗಳ ನಡುವಣ ಊರು. ವೀರಶೈವ ಸಾಹಿತ್ಯದ ಪರಿಚಯವುಳ್ಳವರಿಗೆ ಆ ಊರು ಮೊದಲು ಮಲ್ಲಣಾರ್ಯನಿಂದ ಪರಿಚಿತ. ೧೫೧೩ರಲ್ಲಿ ಭಾವಚಿಂತಾರತ್ನವನ್ನೂ ೧೫೩೦ರಲ್ಲಿ ವೀರಶೈವಾಮೃತ ಪುರಾಣವನ್ನೂ ರಚಿಸಿದ ಆ ಕವಿಯ ಹೆಸರಿಗೇ ಗುಬ್ಬಿ ಅಂಟಿಕೊಂಡಿದೆ. ಅಲ್ಲಿಯ ಆರಾಧ್ಯದೈವ ಚನ್ನಬಸವೇಶ್ವರ. ಆ ದೈವದ ಹೆಸರಿನಲ್ಲಿಯೇ ೧೮೮೪ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಊರಿನ ಉತ್ಸಾಹಿಗಳು ಸೇರಿ ಒಂದು ನಾಟಕಮಂಡಳಿಯನ್ನು ಕಟ್ಟಿದರು. ಅದೇ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೆಂದು ಪ್ರಖ್ಯಾತವಾಯಿತು. ಮೈಸೂರಿನ ಅರಮನೆಯ ನಾಟಕಸಭೆಯು ಚಾಮರಾಜೇಂದ್ರ ಒಡೆಯರ ಹೆಸರನ್ನು ಧರಿಸಿದ್ದ ಕಾಲದಲ್ಲಿ, ಗುಬ್ಬಿಯವರು ತಮ್ಮನ್ನು ಪೋಷಿಸುವ ದೊರೆ ತಮ್ಮೂರ ಗುಡಿಯಲ್ಲಿಯೇ ಇದ್ದಾನೆಂದು ಹಲಗೆಯ ಮೇಲೆ ಬರೆಯಿಸಿಕೊಂಡರು. ಲಿಂಗವಂತರೂ ಮುಸಲ್ಮಾನರೂ ಕೂಡಿ ಕಟ್ಟಿದ ಸಂಘಕ್ಕೆ ಶರಣನ ಹೆಸರು ಬಂದುದರಲ್ಲಿ ಆ ಕಾಲದ ಯಾರಿಗೂ ಆಶ್ಚರ್ಯವೆನಿಸಿದಂತೆ ತೋರುವುದಿಲ್ಲ.

ವೀರಣ್ಣನವರು ಈ ಮಂಡಳಿಯನ್ನು ಸೇರಿದುದು ಎಳೆಯ ಬಾಲಕರಾಗಿ. ಅಕ್ಷರಾಭ್ಯಾಸ ಮಾಡುವ ವಯಸ್ಸಿನಲ್ಲಿ ಅವರು ಬಣ್ಣದ ಅಭ್ಯಾಸವನ್ನು ಮಾಡಿದರು. ಮಂಡಳಿಯ ಜಗುಲಿಯೇ ಅವರಿಗೆ ಮಠ, ಹಿರಿಯ ನಟರೇ ಅಯ್ಯಗಳು. ಹೀಗೆ ಬೆಳೆದ ಹುಡುಗನ ಕೈಗೆ ೧೯೧೭ರಲ್ಲಿ ಕಂಪನಿಯ ಒಡೆತನವು ಬಂದಿತು.

ಒಡೆತನವೆಂದರೆ ಏನೆಂಬುದನ್ನು ಇಂದಿನ ವಾಚಕರಿಗೆ ಸ್ವಲ್ಪ ವಿವರಿಸಬೇಕಾಗಿದೆ. ನಾಟಕದ ಕಂಪನಿಯು ಒಂದು ನಡೆಯುವ ಊರು. ನಟರು, ಹಾರ್ಮೋನಿಯಂ ತಬಲಗಳವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ದೀಪದವರು, ಅಡಿಗೆಯವರು, ಇವರೆಲ್ಲರ ಹೆಂಡಿರು ಮಕ್ಕಳು, ಜೊತೆಗೆ ಬಂಡಿಗಟ್ಟಲೆ ಸಾಮಾನು. ಒಂದು ಊರಿನಲ್ಲಿ ಡೇರೆ ಬಿಟ್ಟು ಕೆಲವು ತಿಂಗಳು ಆಡುವುದು, ಜನ ತೆಳುವಾದೊಡನೆ ಮತ್ತೊಂದೂರಿಗೆ ಸಾಗುವುದು. ಮಳೆ ಹಿಡಿದರೆ ನಾಟಕವಿಲ್ಲ, ನಾಟಕವಿಲ್ಲದಿದ್ದರೆ ಹುಟ್ಟುವಳಿಯಿಲ್ಲ. ಒಲೆ ಮಾತ್ರ ಉರಿಯಲೇಬೇಕು. ಅಂತಹ ಊರಿನ ಒಡೆಯನಾದವನು ನಿತ್ಯವೂ ಬೆಳಗ್ಗೆ ಎದ್ದು ಇಂದು ಎಷ್ಟು ಎಲೆ ಹಾಕಬೇಕೆಂದು ಲೆಕ್ಕ ಹಾಕತಕ್ಕವನು. ದಾಸೋಹವೆಂಬ ಮಾತಿನ ಅರ್ಥವನ್ನು ನಾವು ಗ್ರಂಥದಿಂದ ಕಲಿಯುತ್ತೇವೆ; ವೀರಣ್ಣನವರು ಡೇರೆಯ ಹಿಂದಣ ಅಡಿಗೆಮನೆಯಿಂದ ಕಲಿತರು. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ಅಲಂಕಾರಕ್ಕಾಗಿ ಇಟ್ಟ ಹೆಸರಲ್ಲವೆಂಬುದು ಅವರ ಬಾಳನ್ನು ನೋಡಿದರೆ ತಿಳಿಯುತ್ತದೆ.

ಈ ಒಡೆಯರು ರಂಗದ ಮೇಲೆ ಯಾವ ಪಾತ್ರವನ್ನು ಇಟ್ಟುಕೊಂಡರೆಂಬುದು ವಿಚಾರಾರ್ಹವಾಗಿದೆ. ಕಂಪನಿಯ ಯಜಮಾನನಿಗೆ ಕಿರೀಟವನ್ನು ತಾನೇ ಧರಿಸಬೇಕೆಂಬ ಆಸೆ ಬಂದರೆ ತಡೆಯುವವರು ಯಾರು? ವೀರಣ್ಣನವರು ಮಾತ್ರ ಹಾಸ್ಯಪಾತ್ರಗಳಿಂದಲೇ ಹೆಸರಾದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಈ ಮಂಡಳಿಗಾಗಿ ಬರೆದ ಸದಾರಮೆ ನಾಟಕದಲ್ಲಿ ಕಳ್ಳನ ಪಾತ್ರವೊಂದಿದೆ. ರಾಜನಲ್ಲ, ಮಂತ್ರಿಯಲ್ಲ, ನಾಯಕಿಯನ್ನು ಹೊತ್ತೊಯ್ದು ಕೊನೆಗೆ ಅವಳಿಂದಲೇ ಮೋಸಹೋಗುವ ಪೆದ್ದ ಕಳ್ಳ. ಆ ಕಳ್ಳನೇ ವೀರಣ್ಣನವರು. ಹಗಲೆಲ್ಲ ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಇಟ್ಟುಕೊಂಡಿದ್ದ ಮನುಷ್ಯನು ರಾತ್ರಿ ಕಳ್ಳನಾಗಿ ಬಂದು ಮೋಸಹೋಗುವುದನ್ನು ನೋಡಿ ಸಭಿಕರು ಹೊಟ್ಟೆಹುಣ್ಣಾಗುವಂತೆ ನಗುತ್ತಿದ್ದರು. ನಾಯಕನಟರು ಬದಲಾದರು, ನಾಯಕಿಯರು ಬದಲಾದರು, ಈ ಕಳ್ಳನಿಗಾಗಿಯೇ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುವ ಜನ ಮಾತ್ರ ಕಡಮೆಯಾಗಲಿಲ್ಲ.

ಇಲ್ಲಿ ಶಾಸ್ತ್ರದ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಭರತಮುನಿಯು ಒಂದೊಂದು ರಸಕ್ಕೂ ಒಂದೊಂದು ಅಧಿದೈವವನ್ನು ಹೇಳಿದ್ದಾನೆ. ಶೃಂಗಾರಕ್ಕೆ ವಿಷ್ಣು, ವೀರಕ್ಕೆ ಮಹೇಂದ್ರ, ಕರುಣಕ್ಕೆ ಯಮ. ಹಾಸ್ಯಕ್ಕೆ ಅಧಿದೈವವಾಗಿ ಹೇಳಿರುವುದು ಪ್ರಮಥರನ್ನು, ಎಂದರೆ ಶಿವನ ಗಣಗಳನ್ನು. ಹಾಸ್ಯದ ವರ್ಣ ಬಿಳುಪು ಎಂದೂ ಅವನೇ ಹೇಳಿದ್ದಾನೆ. ವಿಭೂತಿಯ ಬಣ್ಣವೂ ಅದೇ. ಶಿವಶರಣರನ್ನು ಪ್ರಮಥರೆಂದು ಕೊಂಡಾಡುವ ನಮಗೆ ಈ ಸಂಬಂಧವು ಹೊಳೆಯದೆ ಹೋದುದಕ್ಕೆ ಕಾರಣವನ್ನು ನಮ್ಮ ಪಾಠಕ್ರಮದಲ್ಲಿಯೇ ಹುಡುಕಬೇಕು. ಈ ಲೇಖಕನು ಪಾಠಶಾಲೆಯಲ್ಲಿ ಶಾಕುಂತಲವನ್ನು ಪದಚ್ಛೇದ, ಅನ್ವಯ, ಪ್ರತಿಪದಾರ್ಥಗಳೊಡನೆ ಪಾಠ ಹೇಳಿಸಿಕೊಂಡವನು. ವಿದೂಷಕನಾದ ಮಾಢವ್ಯನ ಮಾತು ಬಂದಾಗ ಗುರುಗಳೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆದರೆ ಊರಿಗೆ ನಾಟಕದ ಡೇರೆ ಬಂದಿತೆಂದರೆ ಸಾಯಂಕಾಲದ ಪೂಜೆಯಾದೊಡನೆ ವಿದ್ಯಾರ್ಥಿಗಳ ಕೊಠಡಿಗೆ ಅಗಳಿ ಬೀಳುತ್ತಿತ್ತು. ಪುಸ್ತಕದ ವಿದೂಷಕನಿಗೆ ಪೀಠ, ಡೇರೆಯ ವಿದೂಷಕನಿಗೆ ಕದ!

ವೀರಣ್ಣನವರ ಕೈ ದೊಡ್ಡದು. ಇದು ಮೊದಲು ರಂಗದ ಮೇಲೆಯೇ ಕಾಣಿಸಿತು. ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರ ನಾಟಕವನ್ನು ಆಡಿದಾಗ ಆನೆಯನ್ನೂ ಕುದುರೆಗಳನ್ನೂ ರಂಗಕ್ಕೆ ತಂದರು. ಪರದೆಯ ಮೇಲೆ ಬರೆದ ಆನೆಯಲ್ಲ, ನಿಜವಾದ ಆನೆ. ಅದರ ಮೇವಿನ ವೆಚ್ಚವನ್ನು ಎಣಿಸಿದರೆ ಯಾವ ಜಾಣ ವರ್ತಕನೂ ಆ ಕೆಲಸಕ್ಕೆ ಕೈಹಾಕಲಾರನು. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕುಳಿತವನೂ ಕುರುಕ್ಷೇತ್ರವನ್ನು ಕಣ್ತುಂಬ ನೋಡಿ ಹೋಗಲೆಂಬ ಹುರುಪು ಬೇರೆ, ವರ್ತಕಬುದ್ಧಿ ಬೇರೆ. ದಶಾವತಾರ, ಕೃಷ್ಣಲೀಲೆ ಮೊದಲಾದ ನಾಟಕಗಳ ವೈಭವವೂ ಹಾಗೆಯೇ ಜನಜನಿತವಾಯಿತು. ಹಬ್ಬದ ದಿನ ಮಕ್ಕಳ ಮುಂದೆ ಬುಟ್ಟಿಯನ್ನು ಬೋರಲುಹಾಕುವ ಅಜ್ಜನ ಸ್ವಭಾವ ಇದು. ಆನೆಯನ್ನು ಕಂಡು ಹುಡುಗರೊಡನೆ ದೊಡ್ಡವರೂ ಎದ್ದು ನಿಲ್ಲುತ್ತಿದ್ದರೆಂದರೆ ಯಾರು ನಂಬರು?

ಅದೇ ಹುರುಪು ಅವರನ್ನು ಚಲಚ್ಚಿತ್ರಕ್ಕೂ ಎಳೆಯಿತು. ೧೯೩೦ರ ದಶಕದ ಆದಿಯಲ್ಲಿಯೇ, ಚಿತ್ರಗಳಿಗೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, ಹರಿಮಾಯಾ ಮೊದಲಾದ ಮೂಕಚಿತ್ರಗಳಿಗೆ ಕೈಹಾಕಿದರು. ಮಾತು ಬಂದ ಮೇಲೆ ಸುಭದ್ರಾ, ಜೀವನನಾಟಕ, ಗುಣಸಾಗರಿಗಳು ಬಂದುವು. ೧೯೪೫ರಲ್ಲಿ ತೆರೆಕಂಡ ಹೇಮರೆಡ್ಡಿ ಮಲ್ಲಮ್ಮ ಚಿತ್ರವನ್ನು ನಮ್ಮ ಸಮಾಜವು ವಿಶೇಷವಾಗಿ ನೆನೆಯಬೇಕು. ಮಲ್ಲಿಕಾರ್ಜುನನ ಭಕ್ತೆಯಾದ ಆ ಸಾಧ್ವಿಯ ಕಥೆಯನ್ನು ಅಲ್ಲಿಯವರೆಗೆ ಪುರಾಣದ ಕಟ್ಟೆಯಲ್ಲಿ ಕುಳಿತವರು ಕೇಳುತ್ತಿದ್ದರು. ಚಿತ್ರವು ಅದನ್ನು ಪುರಾಣಕ್ಕೆ ಬಾರದವರ ಬಳಿಗೂ ಕೊಂಡೊಯ್ದಿತು.

ಇನ್ನು ಅವರ ಸಂಸಾರದ ವಿಷಯ. ವೀರಣ್ಣನವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಪತ್ನಿಯರಿದ್ದರು. ಇಂದಿನ ಧರ್ಮಶಾಸನಕ್ಕೂ ಇಂದಿನ ಮನಸ್ಸಿಗೂ ಅದು ಒಪ್ಪತಕ್ಕದ್ದಲ್ಲ. ಆ ಹೆಣ್ಣುಮಕ್ಕಳ ಪಾಲಿನ ನೋವನ್ನು ನಾವು ಹೊರಗೆ ನಿಂತು ಅಳೆಯಲಾರೆವಾದರೂ ಇಲ್ಲವೆನ್ನಲಾರೆವು. ಚರಿತ್ರೆಯನ್ನು ಬರೆಯುವವನು ಇದನ್ನು ಮುಚ್ಚಿಡಬಾರದು. ಆದರೆ ಇನ್ನೊಂದನ್ನೂ ಮರೆಯಬಾರದು. ಗಂಡಸರೇ ಸೀರೆಯುಟ್ಟು ಸೀತೆ ಸಾವಿತ್ರಿಯರಾಗುತ್ತಿದ್ದ ರಂಗದ ಮೇಲೆ ಸ್ತ್ರೀಯರನ್ನೇ ತಂದು ನಿಲ್ಲಿಸಿದ ಮೊದಲಿಗರಲ್ಲಿ ಗುಬ್ಬಿಯ ಕಂಪನಿಯೂ ಒಂದು. ರಂಗವೇರಿದ ಹೆಣ್ಣನ್ನು ಊರು ಎಂತಹ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ಬಲ್ಲವರಿಗೆ, ಯಜಮಾನನ ಮನೆಯವರೇ ಬಣ್ಣ ಹಚ್ಚಿ ಬಂದುದರ ಬೆಲೆಯೂ ತಿಳಿಯುತ್ತದೆ. ಪತ್ನಿಯವರಲ್ಲೊಬ್ಬರಾದ ಬಿ. ಜಯಮ್ಮನವರು ನಾಟಕದಲ್ಲಿಯೂ ಚಲಚ್ಚಿತ್ರದಲ್ಲಿಯೂ ಸ್ವಂತ ಪ್ರತಿಭೆಯಿಂದ ಕೀರ್ತಿಯನ್ನು ಪಡೆದರು. ಪತಿಯ ಹೆಸರಿನ ನೆರಳಿನಲ್ಲಿ ಅವರನ್ನು ನಿಲ್ಲಿಸುವುದು ಅನ್ಯಾಯ. ಮಗಳಾದ ಜಿ. ವಿ. ಮಾಲತಮ್ಮನವರೂ ರಂಗನಟಿಯರು.

ಹೀಗೆ ಮನೆಯೇ ಕಂಪನಿಯಾಯಿತು, ಕಂಪನಿಯೇ ಮನೆಯಾಯಿತು. ಹಡೆದ ಮಕ್ಕಳು ಯಾರು, ಸೇರಿಕೊಂಡ ಮಕ್ಕಳು ಯಾರು ಎಂಬ ಎಣಿಕೆಯು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಮಂಡಳಿಯ ನಟರಾಗಿದ್ದರು. ಅವರ ಮಗ ಮುತ್ತುರಾಜನೂ ಅಲ್ಲಿಯೇ ಬೆಳೆದನು. ನಂಜನಗೂಡಿನ ಕಡೆಯ ಹುಡುಗ ಜಿ. ವಿ. ಅಯ್ಯರ್ ಎಂಟು ವರ್ಷದವನಾಗಿ ಬಂದು ಸೇರಿದನು. ನರಸಿಂಹರಾಜು, ಬಾಲಕೃಷ್ಣ ಇವರೂ ಆ ಊಟದ ಸಾಲಿನಲ್ಲಿ ಕುಳಿತವರೇ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್‌ನ ಹೆಸರಿನಲ್ಲಿ ೧೯೫೪ರಲ್ಲಿ ಬೇಡರ ಕಣ್ಣಪ್ಪ ಚಿತ್ರವು ಹೊರಬಂದಾಗ ಆ ಮುತ್ತುರಾಜನೇ ರಾಜಕುಮಾರನೆಂಬ ಹೆಸರಿನಿಂದ ಕಣ್ಣಪ್ಪನಾದನು. ಪುರಾತನರ ಕಥೆಗಳಲ್ಲಿ ಶಿವನಿಗೆ ಕಣ್ಣನ್ನೇ ಕಿತ್ತಿತ್ತ ಆ ಬೇಡನ ಕಥೆಯಿಂದ ಕನ್ನಡನಾಡಿಗೆ ಅದರ ಮಹಾನಟನು ದೊರೆತನು. ಮುಂದೆ ೧೯೬೦ರಲ್ಲಿ ರಣಧೀರ ಕಂಠೀರವವನ್ನು ಕಲಾವಿದರೇ ಕೂಡಿ ನಿರ್ಮಿಸಿದಾಗ ಹೊಣೆ ಹೊತ್ತವರು ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಈ ನಾಲ್ವರು. ನಾಲ್ವರೂ ಒಂದೇ ಡೇರೆಯ ಅನ್ನವನ್ನುಂಡವರು. ಹೆತ್ತ ಮಕ್ಕಳೇ ಆಸ್ತಿಗಾಗಿ ವ್ಯಾಜ್ಯ ಹೂಡುವ ಲೋಕದಲ್ಲಿ ಈ ಸಾಕುಮಕ್ಕಳು ಕೂಡಿ ಬಂಡವಾಳ ಹಾಕಿದರು.

ಕೊಡುಗೈಯೆಂಬುದಕ್ಕೆ ನಾನು ಎಲ್ಲಕ್ಕಿಂತ ಮಿಗಿಲಾದ ನಿದರ್ಶನವೆಂದು ತಿಳಿಯುವುದು ಬಿ. ವಿ. ಕಾರಂತರ ಪ್ರಸಂಗವನ್ನು. ಬಂಟವಾಳದ ಕಡೆಯ ಬಾಬುಕೋಡಿಯಲ್ಲಿ ೧೯೨೯ರಲ್ಲಿ ಹುಟ್ಟಿದ ಈ ಹುಡುಗನು ಮನೆಯನ್ನು ಬಿಟ್ಟು ಓಡಿಬಂದು ಗುಬ್ಬಿಯ ಕಂಪನಿಯನ್ನು ಸೇರಿದನು. ಅಂದಿನ ಕಂಪನಿಗಳಲ್ಲಿ ಓಡಿಬಂದ ಹುಡುಗರಿಗೇನೂ ಕೊರತೆಯಿರಲಿಲ್ಲ. ದನಿಯಿದ್ದರೆ ಹಾಡಿಸುವುದು, ಮುಖವಿದ್ದರೆ ಬಣ್ಣ ಹಚ್ಚುವುದು, ಎರಡೂ ಇಲ್ಲದಿದ್ದರೆ ಪರದೆಯ ಹಗ್ಗವನ್ನು ಕೈಗೆ ಕೊಡುವುದು, ಇದು ರೂಢಿ. ಈ ಹುಡುಗನಲ್ಲಿ ದನಿಯೂ ಇತ್ತು, ಚುರುಕೂ ಇತ್ತು, ಕಂಪನಿಗೆ ಬೇಕಾದವನೇ. ಇಟ್ಟುಕೊಂಡಿದ್ದರೆ ಲಾಭ. ವೀರಣ್ಣನವರು ಅವನನ್ನು ಕಾಶಿಗೆ ಕಳುಹಿದರು, ಓದುವುದಕ್ಕಾಗಿ!

ತಮ್ಮ ಬಾಲ್ಯವನ್ನು ಪಾಠಶಾಲೆಯಲ್ಲಿ ಕಳೆಯಲಾರದೆ ಹೋದ ಮನುಷ್ಯನು ಪರರ ಮಗನನ್ನು ಬನಾರಸದ ವಿಶ್ವವಿದ್ಯಾಲಯಕ್ಕೆ ಕಳುಹಿದುದನ್ನು ಯೋಚಿಸಿ ನೋಡಿರಿ. ನಮ್ಮ ಮಠಗಳು ಶತಮಾನಗಳಿಂದ ವಟುಗಳನ್ನು ಕಾಶಿಗೆ ಕಳುಹಿಸುತ್ತ ಬಂದಿವೆ. ಶಾಸ್ತ್ರಗಳನ್ನು ಓದಿ ಬಂದವರು ಮಠದ ಪೀಠಕ್ಕೋ ಪಾಠಶಾಲೆಗೋ ಆಗುತ್ತಾರೆಂಬ ನಿರೀಕ್ಷೆ ಅದರ ಹಿಂದೆ ಇರುತ್ತದೆ, ಇರಬೇಕಾದುದೇ. ನಾಟಕದ ಕಂಪನಿಗೆ ಎಂ. ಎ. ಮಾಡಿದವನಿಂದ ಆಗಬೇಕಾದುದೇನು? ಹೋದವನು ಡೇರೆಗೆ ಹಿಂದಿರುಗುವನೆಂಬ ಕರಾರೂ ಅಲ್ಲಿರಲಿಲ್ಲ. ಕಾರಂತರು ಕಾಶಿಯಲ್ಲಿ ಹಿಂದಿಯಲ್ಲಿ ಪದವಿಯನ್ನು ಪಡೆದರು, ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನು ಕಲಿತರು, ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ನಾಟಕಶಾಲೆಗೆ ಹೋಗಿ ೧೯೬೨ರಲ್ಲಿ ತೇರ್ಗಡೆಯಾದರು. ೧೯೭೭ರಲ್ಲಿ ಅದೇ ನಾಟಕಶಾಲೆಗೆ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಅವರು ಕಟ್ಟಿದ ಹೊಸ ರಂಗಭೂಮಿಯು ಕಂಪನಿಗಳ ರಂಗಭೂಮಿಗಿಂತ ಬೇರೆಯಾದ ದಾರಿಯನ್ನು ಹಿಡಿಯಿತು. ಹಣ ಹಾಕಿದವನ ಡೇರೆಗೆ ಅದರಿಂದ ಬಂದುದು ಏನೂ ಇಲ್ಲ. ಕೊಟ್ಟುದು ಹಿಂದಿರುಗಿ ಬಾರದಿದ್ದರೂ ಕೊಡುವುದಕ್ಕೆ ದಾಸೋಹವೆಂದು ಹೆಸರಿಟ್ಟವರು ನಾವು. ಈ ಒಂದು ಪ್ರಸಂಗಕ್ಕಾಗಿಯೇ ಅವರ ಹೆಸರನ್ನು ನಮ್ಮ ದಾನಿಗಳ ಸಾಲಿನಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ಶಾಲೆ, ಛತ್ರ, ಗುಡಿ ಮೊದಲಾದುವುಗಳ ಸಹಾಯಾರ್ಥವಾಗಿ ಒಂದು ರಾತ್ರಿಯ ಆಟದ ಉತ್ಪನ್ನವನ್ನು ಬಿಟ್ಟುಕೊಡುವ ಪದ್ಧತಿಯೂ ಆ ಕಾಲದ ಕಂಪನಿಗಳಲ್ಲಿ ಇದ್ದಿತು. ಆ ರಾತ್ರಿ ದೀಪದ ಎಣ್ಣೆ, ನಟರ ಊಟ, ಬಣ್ಣ, ಎಲ್ಲವೂ ಕಂಪನಿಯದೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

೧೯೫೫ರಲ್ಲಿ ಸಂಗೀತ ನಾಟಕ ಅಕಾಡೆಮಿಯು ವೀರಣ್ಣನವರನ್ನು ಕನ್ನಡದ ನಟರೆಂದು ಪುರಸ್ಕರಿಸಿತು. ನಾಟಕರತ್ನವೆಂಬ ಬಿರುದು ಮೊದಲೇ ಹೆಸರಿಗೆ ಸೇರಿಹೋಗಿತ್ತು. ೧೯೭೨ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಅಕ್ಟೋಬರ್ ೧೮ರಂದು, ಎಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಅವರು ಶಿವೈಕ್ಯರಾದರು.

ಅವರ ವಾರ್ಧಕ್ಯದ ಕಾಲಕ್ಕೆ ಕಂಪನಿಯ ಮನೆಯಲ್ಲಿ ಮೊಮ್ಮಕ್ಕಳ ತಲೆಮಾರು ಬೆಳೆಯುತ್ತಿತ್ತು. ಮಾಲತಮ್ಮನವರ ಮಗಳಾದ ಬಿ. ಜಯಶ್ರೀಯವರು ಹುಟ್ಟಿದುದು ೧೯೫೦ರಲ್ಲಿ. ನಾಲ್ಕು ವರ್ಷದ ಕೂಸಾಗಿದ್ದಾಗಲೇ ಅವರು ರಂಗವನ್ನೇರಿದರು. ಬೇರೆ ಮನೆಗಳಲ್ಲಿ ಅಜ್ಜನು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆಯನ್ನು ಹೇಳುತ್ತಾನೆ. ಈ ಮನೆಯಲ್ಲಿ ಅಜ್ಜನೇ ಕಥೆಯೊಳಗೆ ಹೋಗಿ ವೇಷ ಹಾಕಿ ಕುಣಿಯುತ್ತಿದ್ದನು, ಮಗುವು ಪರದೆಯ ಪಕ್ಕದಿಂದ ನೋಡಬಹುದಾಗಿತ್ತು. ಕಲಿಸುವಿಕೆ ಎಂದು ಅದಕ್ಕೆ ಬೇರೆ ಹೆಸರು ಬೇಕಾಗಲಿಲ್ಲ. ನಮ್ಮ ಪಾಠಶಾಲೆಗಳಲ್ಲಿ ವೇದವು ಗುರುಮುಖದಿಂದ ಕಿವಿಗೆ ಬಂದಂತೆ, ನಗಿಸುವ ಹದವು ಅಜ್ಜನ ಕಾಲಿನ ನಡಿಗೆಯಿಂದ ಮೊಮ್ಮಗಳ ಕಣ್ಣಿಗೆ ಬಂದಿತೆಂದು ಹೇಳಿದರೆ ತಪ್ಪಾಗದು. ಹಾಸ್ಯದ ಹದವು ಗ್ರಂಥಸ್ಥವಾಗುವ ವಸ್ತುವಲ್ಲ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯನ್ನು ಭರತನು ಎಣಿಸಿಟ್ಟಿದ್ದಾನೆ. ಆ ಸೂತ್ರವನ್ನು ಬಾಯಿಪಾಠ ಮಾಡಿದ ನಾನು ಈವರೆಗೆ ಸಭೆಯಲ್ಲಿ ಒಬ್ಬರನ್ನೂ ನಗಿಸಿದವನಲ್ಲ.

ಅಜ್ಜನವರು ಕಾಲವಾದ ಮರುವರ್ಷ, ೧೯೭೩ರಲ್ಲಿ, ಜಯಶ್ರೀಯವರು ದಿಲ್ಲಿಯ ರಾಷ್ಟ್ರೀಯ ನಾಟಕಶಾಲೆಯಿಂದ ತೇರ್ಗಡೆಯಾಗಿ ಹೊರಬಂದರು. ಕಾಶಿಗೆ ಹೋದ ಆ ಓಡಿಬಂದ ಹುಡುಗನು ಓದಿದ ಶಾಲೆಯೇ ಅದು. ೧೯೭೬ರಲ್ಲಿ ಸ್ಪಂದನವೆಂಬ ತಂಡವನ್ನು ಕಟ್ಟಿದರು. ೧೯೯೬ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ, ೨೦೧೦ರಲ್ಲಿ ರಾಜ್ಯಸಭೆಯ ನಾಮಕರಣ, ೨೦೧೩ರಲ್ಲಿ ಪದ್ಮಶ್ರೀ, ಇವು ಅವರಿಗೆ ಸಂದುವು. ಅಜ್ಜನಿಗೆ ಸಂದ ಎರಡು ಮನ್ನಣೆಗಳು ಮೊಮ್ಮಗಳಿಗೂ ಸಂದುದು ಒಂದು ವಿಶೇಷ. ಆದರೆ ವಂಶಪಾರಂಪರ್ಯವಾಗಿ ಬಂದ ನಿಜವಾದ ಆಸ್ತಿಯು ಬೇರೊಂದಿದೆ. ವೀರಣ್ಣನವರ ಕಾಲದ ಆ ಡೇರೆ ಇಂದಿಲ್ಲ. ಆನೆ ಕುದುರೆಗಳೂ ಇಲ್ಲ. ಸದಾರಮೆಯ ಕಳ್ಳನಿದ್ದಾನಲ್ಲ, ಅವನು ಮಾತ್ರ ಉಳಿದುಕೊಂಡನು. ಜಯಶ್ರೀಯವರು ಸ್ಪಂದನ ತಂಡದಿಂದ ಸದಾರಮೆಯನ್ನು ಮತ್ತೆ ಆಡಿಸಿದಾಗ ನಾಯಕಿಯ ಪಾತ್ರವನ್ನು ತಾವಿಟ್ಟುಕೊಳ್ಳಲಿಲ್ಲ. ಗಂಡಸರು ಸೀರೆಯುಟ್ಟು ಬರುತ್ತಿದ್ದ ಕಾಲವೊಂದಿತ್ತು. ಅಜ್ಜನ ಕಾಲದಲ್ಲಿ ಹೆಣ್ಣುಪಾತ್ರಕ್ಕೆ ಹೆಂಗಸರು ಬಂದರು. ಮೊಮ್ಮಗಳು ಗಂಡುವೇಷವನ್ನು ಧರಿಸಿ, ಅಜ್ಜನು ಆಡುತ್ತಿದ್ದ ಆ ಕಳ್ಳನಾಗಿಯೇ ರಂಗಕ್ಕೆ ಬಂದರು.